ಮೂವತ್ತೊಂದರ ಮರುದಿನ

ನಮ್ಮ ಪಕ್ಷದ ಶಾಖಾ ಕಚೇರಿಯ ಕಂಪ್ಯೂಟರು ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಒಂದು ಪ್ರಶ್ನೆ ಕೇಳುತ್ತಿತ್ತು: ‘ಹೊಸ ಬದಲಾವಣೆಗಳು ಸಿದ್ಧವಾಗಿವೆ. ಈಗಲೇ ಅಳವಡಿಸಬೇಕೆ, ಆಮೇಲೆ ನೆನಪಿಸಬೇಕೆ?’ ನಾನು ತಿರುಗಿ ಅಧ್ಯಕ್ಷರ ಮುಖ ನೋಡುತ್ತಿದ್ದೆ. ಅವರು ಪತ್ರಿಕೆಯಿಂದ ತಲೆ ಎತ್ತದೆ, “ಆಮೇಲೆ ಅಂತ ಒತ್ತಿ ಟೈಪಕ್ಕ, ಈಗ ಕೆಲಸ ನಿಂತುಹೋಗುತ್ತೆ” ಅನ್ನುತ್ತಿದ್ದರು. ನಾನು ಒತ್ತುತ್ತಿದ್ದೆ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದೆವು. ನಿಂತುಹೋಗುವಂಥ ಕೆಲಸವೇನೂ ಇರುತ್ತಿರಲಿಲ್ಲ.

ಟೈಪಕ್ಕ ಅಂದರೆ ನಾನೇ. ಹತ್ತೊಂಬತ್ತು ವರ್ಷದಿಂದ ಆ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದೇನೆ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಅಧ್ಯಕ್ಷರು ನನಗಿಂತ ಮೂರು ವರ್ಷ ಮುಂಚಿನಿಂದ ಅಧ್ಯಕ್ಷರು. ಅವರಿಗೂ ಒಂದು ಅಡ್ಡಹೆಸರಿತ್ತು, ಆಮೇಲಪ್ಪ ಅಂತ. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಕೆಟ್ಟ ಮನುಷ್ಯರಲ್ಲ. ಯಾರಿಗೂ ಇಲ್ಲ ಅನ್ನುತ್ತಿರಲಿಲ್ಲ. ಅಡಚಣೆ ಅಂದರೆ ಹೂಂ ಅನ್ನುವುದಕ್ಕೂ ಅವರಿಗೆ ಟೈಮು ಬೇಕಿತ್ತು. ಯಾವ ವಿಷಯ ತಂದರೂ “ಮುಂದಿನ ಸಭೆಗೆ ಇಡೋಣ.” ಮುಂದಿನ ಸಭೆಯಲ್ಲಿ ಅದರ ಮುಂದಿನ ಸಭೆಗೆ.

ಕಚೇರಿ ಇದ್ದದ್ದು ಒಂದು ಕ್ಷೌರದಂಗಡಿಯ ಮೇಲೆ. ಒಂದೂವರೆ ಕೋಣೆ, ಒಂದರಂತೆ ಇನ್ನೊಂದಿಲ್ಲದ ಹದಿನೆಂಟು ಕುರ್ಚಿ, ಬಾಗಿಲು ಸರಿಯಾಗಿ ಮುಚ್ಚದ ಬೀರು. ಹೊರಗಡೆ ಬೋರ್ಡು: ‘ವ್ಯವಸ್ಥೆ ಬದಲಾಗಬೇಕು.’ ಪ್ರತಿ ಚುನಾವಣೆಗೂ ಅದೇ ಅಕ್ಷರಗಳ ಮೇಲೆ ಹೊಸ ಬಣ್ಣ ಬಳಿಸುತ್ತಿದ್ದೆವು. ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ನೀಲಿ ಕಡತ. ಜನ ಹೇಳಿ ಬರೆಸಿದ, ನಾನು ಟೈಪ್ ಮಾಡಿದ, ಅಧ್ಯಕ್ಷರ ಸಹಿಗೆ ಕಾಯುತ್ತಿದ್ದ ಕಾಗದಗಳು ಅದರಲ್ಲಿ. ಶಾಲೆಯ ಮುಂದೆ ರಸ್ತೆ ದಾಟಲು ದೀಪ ಬೇಕು. ಆಸ್ಪತ್ರೆ ಮೆಟ್ಟಿಲಿಗೆ ಹಿಡಿಗಂಬಿ ಬೇಕು. ಬಸ್ ನಿಲ್ದಾಣಕ್ಕೆ ಚಾವಣಿ ಬೇಕು. ಈ ಚಾವಣಿ ಕಾಗದಕ್ಕೆ ಏಳು ವರ್ಷ. ಒಟ್ಟು ನಲವತ್ತೊಂದು ಕಾಗದ. ಈ ಲೆಕ್ಕ ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು.

ಇರಲಿ, ಕಂಪ್ಯೂಟರಿನ ಕತೆಗೆ ಬರುತ್ತೇನೆ. ಒಂದು ದಿನ ಆ ಪ್ರಶ್ನೆ ಬರುವುದೇ ನಿಂತುಹೋಯಿತು. ಕೇಳಿ ಕೇಳಿ ಬೇಸರ ಬಂತೇನೋ ಅಂದುಕೊಂಡೆ. ಹಾಗೇ ಒಂದು ಮೂರು ವರ್ಷ ಹೋದ ಮೇಲೆ ಯಂತ್ರ ಮಧ್ಯೆ ಮಧ್ಯೆ ಮೂರ್ಛೆ ಹೋಗತೊಡಗಿತು. ನನ್ನ ತಂಗಿ ಮಗಳನ್ನು ಕರೆಸಿದೆ. ಅವಳದ್ದು ಸ್ವಂತ ರಿಪೇರಿ ಅಂಗಡಿ. ಎರಡು ಮಕ್ಕಳ ತಾಯಿ, ಬಾಯಲ್ಲಿ ಸದಾ ಒಂದು ಸ್ಕ್ರೂ. ಪೆಟ್ಟಿಗೆ ಬಿಚ್ಚಿ ಒಳಗೆ ಊದಿದಳು. ಧೂಳು ಎದ್ದು ಅಧ್ಯಕ್ಷರ ಚಹಾದಲ್ಲಿ ಕೂತಿತು.

“ದೊಡ್ಡಮ್ಮ, ಯಂತ್ರ ಗಟ್ಟಿಯಾಗೇ ಇದೆ. ಒಳಗಿನ ಆಪರೇಟಿಂಗ್ ಸಿಸ್ಟಮ್ ಮುದಿಯಾಗಿದೆ. ಮಾಡಿದ ಕಂಪನಿಯವರೇ ಕೈ ಬಿಟ್ಟು ಮೂರು ವರ್ಷ ಆಯ್ತು. ಹೊಸದು ಹಾಕಬೇಕು.”

“ಹೊಸದು ಅಂದ್ರೆ ಎಲ್ಲಾ ಹೊಸದಾಗಿ ಕಲೀಬೇಕೇನಮ್ಮಾ?” ಅಂದರು ಅಧ್ಯಕ್ಷರು.

“ಒಂದು ವಾರ ತಡಕಾಡ್ತೀರಿ, ಆಮೇಲೆ ಅಭ್ಯಾಸ ಆಗುತ್ತೆ.”

“ಈಗಿರೋದಕ್ಕೇ ಅಭ್ಯಾಸ ಆಗಿದೆಯಲ್ಲ.”

ಅವಳು ಬಾಯಿಂದ ಸ್ಕ್ರೂ ತೆಗೆದು ಕಿಟಕಿಯಾಚೆ ತೋರಿಸಿದಳು. “ಬೋರ್ಡಲ್ಲಿ ಏನೋ ಬರೆದಿದೀರಲ್ಲ ಸರ್?”

ಅಧ್ಯಕ್ಷರಿಗೆ ಮುಜುಗರವಾಯಿತು. ನಮ್ಮದು ಪ್ರಜಾಪ್ರಭುತ್ವವನ್ನು ನಂಬಿದ ಪಕ್ಷ, ಹಾಗಾಗಿ ಇದನ್ನು ಸಮಿತಿಯ ಮುಂದೆ ಇಡುತ್ತೇನೆ ಅಂದರು. ಇಟ್ಟರು. ಪ್ರಪಂಚದಲ್ಲಿ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿಗೆ ಕೈ ಎತ್ತಿಸಿ ಮತ ಹಾಕಿದವರು ನಾವೊಬ್ಬರೇ ಇರಬೇಕು.

ಸಮಿತಿಯಲ್ಲಿ ಹದಿನೆಂಟು ಜನ. ಹೊಸದರ ಪರ ಮಾತಾಡಿದವನು ಕೆಳಗಿನ ಅಂಗಡಿಯ ಕತ್ತರಿಯಣ್ಣ. ಹೇರ್‌ಕಟ್ ಮಾಡುತ್ತಲೇ ರಾಜಕೀಯ ಮಾತಾಡಿ ಮಾತಾಡಿ ಅವನಿಗೆ ಎದುರಿಗಿರುವವರು ಅಲುಗಾಡದೆ ಕೇಳುತ್ತಾರೆ ಅನ್ನುವ ಧೈರ್ಯ ಬಂದುಬಿಟ್ಟಿದೆ. “ತಲೆ ಮೇಲಿರೋದು ಬೆಳೀತಾನೇ ಇರುತ್ತೆ, ನಾವು ಕತ್ತರಿಸ್ತಾನೇ ಇರಬೇಕು. ಇಪ್ಪತ್ತು ವರ್ಷ ಹಾಗೇ ಬಿಟ್ರೆ ಗತಿ ಏನು?” ಅಂದ. ಅಧ್ಯಕ್ಷರ ಕಡೆಯವರೊಬ್ಬರು ತಮ್ಮ ಬೋಳುತಲೆ ಸವರಿಕೊಂಡು, “ಇದ್ದದ್ದನ್ನ ಉಳಿಸಿಕೊಳ್ಳೋದು ನೋಡಪ್ಪ ಮೊದಲು” ಅಂದರು. ಮತ ಹಾಕಿದಾಗ ಒಂಬತ್ತು, ಒಂಬತ್ತು. ನಾನು ಹೊಸದಕ್ಕೆ ಎತ್ತಿದ್ದೆ. ನಮ್ಮ ಶಾಖೆಯಲ್ಲಿ ಸಮ ಬಂದ ವಿಷಯ ಮುಂದಿನ ಸಭೆಗೆ ಹೋಗುವುದು ನಿಯಮ. ಅಧ್ಯಕ್ಷರು ಉಸಿರು ಬಿಟ್ಟರು.

ಆಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ತಂಗಿ ಮಗಳು, “ಎರಡನ್ನೂ ಇಡಬಹುದು ಸರ್. ಒಂದೇ ಯಂತ್ರ, ಒಳಗೆ ಎರಡು ಸಂಸಾರ. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುತ್ತೆ” ಅಂದಳು. ಹಾವೂ ಸಾಯದೆ ಕೋಲೂ ಮುರಿಯದೆ ಇರುವ ಉಪಾಯ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವ ಮೊದಲೇ ಜಗಳ ಶುರುವಾಯಿತು. ಪಟ್ಟಿಯಲ್ಲಿ ಮೇಲೆ ಯಾವುದು, ಕೆಳಗೆ ಯಾವುದು?

ಹಿರಿತನ ನೋಡಿ ಹಳೆಯದನ್ನೇ ಮೇಲಿಟ್ಟರು. ಕತ್ತರಿಯಣ್ಣ ಮುನಿಸಿಕೊಂಡ. ಅವನನ್ನು ಸಮಾಧಾನ ಮಾಡಲು ಅಧಿಕಾರ ಹಂಚಿಕೆಯ ಸೂತ್ರವೊಂದು ತಯಾರಾಯಿತು: ಒಂದು ದಿನ ಹಳೆಯದು, ಮರುದಿನ ಹೊಸದು. ಬೆಸ ತಾರೀಖು ಒಬ್ಬರಿಗೆ, ಸಮ ತಾರೀಖು ಇನ್ನೊಬ್ಬರಿಗೆ.

“ಬೆಸ ನಮಗಿರಲಿ. ತಿಂಗಳ ಒಂದನೇ ತಾರೀಖು ನಮ್ಮದಾಗಬೇಕು” ಅಂದರು ಅಧ್ಯಕ್ಷರು ಎದೆಯುಬ್ಬಿಸಿ. ಆಮೇಲೆ ತಾವೆಷ್ಟು ದೊಡ್ಡ ಮನಸ್ಸಿನವರು ಅಂತ ತೋರಿಸಲು ನಿರ್ಣಯ ಪುಸ್ತಕದಲ್ಲಿ ಒಂದು ಸಾಲು ಸೇರಿಸಿ ಬರೆಸಿದರು: ‘ಸಮಿತಿಯ ಒಪ್ಪಿಗೆ ಇಲ್ಲದೆ ಈ ನಿಯಮವನ್ನು ಯಾರೂ, ಸ್ವತಃ ಅಧ್ಯಕ್ಷರೇ ಆದರೂ, ಮೀರತಕ್ಕದ್ದಲ್ಲ.’ ಬರೆದವಳು ನಾನು. ಸಹಿ ಅವರದು.

ತಂಗಿ ಮಗಳು ಎರಡನ್ನೂ ಹಾಕಿಕೊಟ್ಟು ಹೋಗುವಾಗ ತೋರಿಸಿಕೊಟ್ಟಳು. ಕಪ್ಪು ಪರದೆ, ಬಿಳಿ ಅಕ್ಷರದಲ್ಲಿ ಎರಡು ಸಾಲು, ಮೂಲೆಯಲ್ಲಿ ಹತ್ತು, ಒಂಬತ್ತು, ಎಂಟು ಅಂತ ಇಳಿಯುವ ಅಂಕಿ. “ಹೊಸದು ಬೇಕಾದ್ರೆ ಹತ್ತು ಸೆಕೆಂಡೊಳಗೆ ಕೆಳಗಿನ ಬಾಣ ಒತ್ತಿ, ಎಂಟರ್ ಒತ್ತಿ. ಸುಮ್ಮನೆ ಕೂತಿದ್ರೆ ಹಳೇದೇ ಬರುತ್ತೆ ದೊಡ್ಡಮ್ಮ.”

ಮುಂದಿನ ಎರಡು ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ಹಳೆಯದರಲ್ಲಿ ಟೈಪ್ ಮಾಡಿದ ಕಾಗದವನ್ನು ಹೊಸದರಲ್ಲಿ ತೆರೆದರೆ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು. ಏಳನೇ ತಾರೀಖು ಅರ್ಧ ಮಾಡಿದ ಕೆಲಸಕ್ಕೆ ಒಂಬತ್ತನೇ ತಾರೀಖಿನವರೆಗೆ ಕಾಯಬೇಕು. ಜನವೂ ಹಾಗೇ ಪಾಲಾದರು. ಅಧ್ಯಕ್ಷರ ಕಡೆಯವರು ಬೆಸ ದಿನ ಬಂದು ಕೂರುತ್ತಿದ್ದರು, ಕತ್ತರಿಯ ಕಡೆಯವರು ಸಮ ದಿನ. ಎರಡೂ ದಿನ ಬರುತ್ತಿದ್ದವಳು ನಾನೊಬ್ಬಳೇ.

ಅಂಥ ಒಂದು ತಿಂಗಳ ಮೂವತ್ತನೇ ತಾರೀಖು, ಮಧ್ಯಾಹ್ನ ಎರಡೂವರೆಗೆ, ಕೇಂದ್ರ ಕಚೇರಿಯಿಂದ ಪತ್ರ ಬಂತು. ಎಲ್ಲ ಶಾಖೆಗಳ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ. ನಾಮಪತ್ರವನ್ನು ಈ ಸಲ ಅಂತರ್ಜಾಲದಲ್ಲೇ ಹಾಕಬೇಕು, ಅದೂ ಶಾಖೆಯ ನೋಂದಾಯಿತ ಕಂಪ್ಯೂಟರಿನಿಂದಲೇ. ಹೋದ ಸಲ ಯಾವುದೋ ಊರಲ್ಲಿ ಇನ್ನೂರು ನಾಮಪತ್ರ ಒಂದೇ ಚಹಾದಂಗಡಿಯಿಂದ ಬಂದಿದ್ದವಂತೆ. ಕೊನೆಯ ಗಡುವು ಒಂದನೇ ತಾರೀಖು ಸಂಜೆ ಐದು ಗಂಟೆ. ಸಮ ದಿನವಾದರೂ ಫೋನ್ ಮಾಡಿ ಅಧ್ಯಕ್ಷರನ್ನು ಕರೆಸಿದೆ.

“ಸರ್, ಇವತ್ತೇ ಹಾಕಿಬಿಡೋಣ. ಯಂತ್ರ ಆನ್ ಇದೆ” ಅಂದೆ.

“ಅವಸರ ಏನಿದೆ ಟೈಪಕ್ಕ? ಎರಡು ದಿನ ಇದೆಯಲ್ಲ. ನಾಳೆ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಬರ್ತೀನಿ, ಫೋಟೋ ಬೇರೆ ಕೇಳಿದಾರೆ” ಅಂದು ಚಪ್ಪಲಿ ಮೆಟ್ಟಿ ಹೊರಟರು.

ಹತ್ತೊಂಬತ್ತು ವರ್ಷದಲ್ಲಿ ಆರು ಸಲ ಅವರ ಆಯ್ಕೆಯ ವರದಿ ನಾನೇ ಟೈಪ್ ಮಾಡಿದ್ದೆ. ಟೈಪ್ ಮಾಡಿದ್ದೆ ಅನ್ನುವುದೂ ಸುಳ್ಳು. ಒಂದೇ ಕಡತ: ‘ಸರ್ವಾನುಮತದಿಂದ, ಅವಿರೋಧವಾಗಿ ಆಯ್ಕೆಯಾದರು.’ ವರ್ಷವನ್ನು ಮಾತ್ರ ಬದಲಾಯಿಸುತ್ತಿದ್ದೆ. ಅವತ್ತೂ ಆ ವರದಿಯ ಹಳೇ ಪ್ರತಿಗೆಂದು ಕೈ ಖಾನೆಗೆ ಹೋಯಿತು. ಸಿಕ್ಕಿದ್ದು ನೀಲಿ ಕಡತ. ಮೇಲಿನ ಕಾಗದ ಬಸ್ ನಿಲ್ದಾಣದ ಚಾವಣಿಯದು. ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕೂತೆ. ಆಮೇಲೆ ಮೆಟ್ಟಿಲಿಳಿದು ಕ್ಷೌರದಂಗಡಿಗೆ ಹೋದೆ.

“ಕತ್ತರಿಯಣ್ಣ, ನನ್ನ ಹೆಸರು ಸೂಚಿಸ್ತೀಯಾ?”

ಅವನ ಕೈಯಲ್ಲಿ ಒಬ್ಬರ ಅರ್ಧ ಮೀಸೆ ಇತ್ತು. “ಯಾವುದಕ್ಕೆ ಟೈಪಕ್ಕ?”

“ಅಧ್ಯಕ್ಷಗಿರಿಗೆ.”

ಉಳಿದ ಅರ್ಧ ಮೀಸೆಯನ್ನು ಹಾಗೇ ಬಿಟ್ಟು ಮೇಲೆ ಬಂದ. ಆಸ್ಪತ್ರೆಯ ನರ್ಸಮ್ಮ ಅನುಮೋದಿಸಿದರು. ಮೂರೂ ಮುಕ್ಕಾಲಿಗೆ ನನ್ನ ನಾಮಪತ್ರ ಹೋಯಿತು. ‘ಸ್ವೀಕರಿಸಲಾಗಿದೆ’ ಅಂತ ಹಸಿರು ಅಕ್ಷರ ಬಂದಾಗ ನನ್ನ ಅಂಗೈ ಬೆವೆತು ಮೌಸ್ ಜಾರುತ್ತಿತ್ತು.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಬಸ್ ಚಾಲಕರು, ಮೇಲಾಗಿ ನಮ್ಮ ಎದುರು ಪಕ್ಷದವರು. ಇಪ್ಪತ್ತೇಳು ವರ್ಷದಿಂದ ನಮ್ಮದು ಸಮ್ಮಿಶ್ರ ಸರಕಾರ. ಈರುಳ್ಳಿ ಹೆಚ್ಚುತ್ತಿದ್ದವರು ಎಲ್ಲ ಕೇಳಿ, “ಅವರು ಯಾವಾಗ ಹಾಕ್ತಾರಂತೆ?” ಅಂದರು.

“ನಾಳೆ. ಆಗದಿದ್ರೆ ನಾಡಿದ್ದು.”

“ನಾಳೆ ಮೂವತ್ತೊಂದು. ನಾಡಿದ್ದು ಒಂದು.” ಚಾಕು ಅಲ್ಲೇ ನಿಂತಿತು. ಮುಖದಲ್ಲಿ ನಗು ಹರಡಿತು. “ಏ, ಎರಡೂ ಬೆಸ ಕಣೇ! ನಮ್ಮ ಡಿಪೋದಲ್ಲೂ ಒಬ್ಬ ಬುದ್ಧಿವಂತ ಹೀಗೇ ಬೆಸ-ಸಮ ಅಂತ ಡ್ಯೂಟಿ ಹಾಕಿದ್ದ. ಮೂವತ್ತೊಂದು ಬಂದ ತಿಂಗಳು ಬೆಸದವನು ಎರಡು ದಿನ ಒಂದೇ ಸಮ ಸಾಯ್ತಿದ್ದ. ನಿಮ್ಮ ಹಳೇ ಸಿಸ್ಟಮಲ್ಲಿ ಆ ನಾಮಪತ್ರ ಹೋಗುತ್ತಾ?”

“ಗೊತ್ತಿಲ್ಲ.”

“ಹೋಗದೇ ಇದ್ರೆ ನೀನು ಅವಿರೋಧ!” ಅಂದು ಈರುಳ್ಳಿ ಕಣ್ಣೀರಿನಲ್ಲೇ ಕುಣಿದರು.

ಮರುದಿನ ಹನ್ನೊಂದಕ್ಕೆ ಅಧ್ಯಕ್ಷರು ಬಂದರು. ಶರ್ಟಿನ ಮಡಿಕೆಯಲ್ಲಿ ಬೆರಳು ಕುಯ್ದುಕೊಳ್ಳಬಹುದಿತ್ತು, ಹಾಗಿತ್ತು ಇಸ್ತ್ರಿ. ನಾನು ಯಂತ್ರ ಆನ್ ಮಾಡಿದೆ. ಬೆಸ ದಿನ, ಬಾಣ ಮುಟ್ಟುವ ಹಾಗಿಲ್ಲ. ಹತ್ತು ಸೆಕೆಂಡು ಇಬ್ಬರೂ ಸುಮ್ಮನೆ ಕೂತೆವು. ಹಳೆಯದು ಬಂತು. ಕೇಂದ್ರ ಕಚೇರಿಯ ಪುಟ ತೆರೆದೆ. ಒಂದೇ ಒಂದು ಸಾಲು ಬಂತು: ‘ನಿಮ್ಮ ವ್ಯವಸ್ಥೆ ತುಂಬ ಹಳೆಯದಾಗಿದೆ. ದಯವಿಟ್ಟು ಬದಲಾಯಿಸಿ.’

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಯಾರಿದು ಬರೆದಿದ್ದು? ಕತ್ತರೀನಾ?”

“ಅಲ್ಲ ಸರ್. ಕೇಂದ್ರ ಕಚೇರಿಯವರು.”

“ನನ್ನ ಬಗ್ಗೆ ಹೀಗೆ ಬರೀತಾರಾ?”

“ಕಂಪ್ಯೂಟರ್ ಬಗ್ಗೆ ಸರ್.”

“ಹೋಗಲಿ ಬಿಡಿ. ನಾಳೆ ಹೊಸದರ ದಿನ ಅಲ್ವಾ, ನಾಳೆ ಹಾಕೋಣ.”

“ನಾಳೆ ಒಂದು ಸರ್.”

“ಇವತ್ತು ಬೆಸ. ಬೆಸ ಆದ ಮೇಲೆ ಸಮ ಬರಬೇಕು. ಇದು ಲೆಕ್ಕ, ಇದರಲ್ಲಿ ರಾಜಕೀಯ ಇಲ್ಲ.”

“ಇವತ್ತು ಮೂವತ್ತೊಂದು.”

ಅಧ್ಯಕ್ಷರು ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು. ಮೂವತ್ತೊಂದರ ಮೇಲೆ ಬೆರಳಿಟ್ಟರು. ಹಾಳೆ ಎತ್ತಿ ಹಿಂದೆ ನೋಡಿದರು, ಮೂವತ್ತೆರಡು ಅಲ್ಲೆಲ್ಲಾದರೂ ಅವಿತಿದೆಯೇನೋ ಅನ್ನುವ ಹಾಗೆ. ಒಂದು ಇತ್ತು. ಅವರೇ ಜಗಳವಾಡಿ ಇಸಿದುಕೊಂಡ ಒಂದು.

ಹೇಳಬೇಕಾದದ್ದನ್ನು ಆಗಲೇ ಹೇಳಿಬಿಡುವುದು ಒಳ್ಳೆಯದು ಅನಿಸಿತು. “ಸರ್, ಇನ್ನೊಂದು ವಿಷಯ. ನಿನ್ನೆ ಒಂದು ನಾಮಪತ್ರ ಹೋಗಿದೆ.”

“ಯಾರದ್ದು?”

“ನಂದು.”

ಕೆಳಗೆ ಕ್ಷೌರದಂಗಡಿಯಲ್ಲಿ ನೀರು ಚಿಮುಕಿಸುವ ಬಾಟಲಿಯ ಚಸ್ ಚಸ್ ಕೇಳುತ್ತಿತ್ತು. ಅಧ್ಯಕ್ಷರು ಬಂದು ಕೂತರು. “ಇಲ್ಲಿ ನಿಮಗೇನಮ್ಮಾ ಕಮ್ಮಿಯಾಗಿತ್ತು? ಒಂದು ಮಾತು ಕೇಳಬಹುದಿತ್ತಲ್ಲ ನನ್ನ?”

ನಾನು ನೀಲಿ ಕಡತ ತೆಗೆದು ಅವರ ಮುಂದಿಟ್ಟೆ. “ಕೇಳಿದೀನಿ ಸರ್. ನಲವತ್ತೊಂದು ಸಲ.”

ಅವರು ಕಡತ ತೆರೆಯಲಿಲ್ಲ. ಅದರ ದಪ್ಪವನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಕೀಬೋರ್ಡಿನ ಬಾಣದ ಕೀಲಿಯನ್ನು ನೋಡಿದರು. ಕೋಣೆಯಲ್ಲಿ ನಾವಿಬ್ಬರೇ. ಒತ್ತಿ ಅಂದಿದ್ದರೆ ನಾನು ಏನು ಮಾಡುತ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ. ಅವರು ಅನ್ನಲಿಲ್ಲ. ನಿರ್ಣಯ ಪುಸ್ತಕ ಎಳೆದುಕೊಂಡು ಆ ಸಾಲನ್ನು ಹುಡುಕಿ, ‘ಸ್ವತಃ ಅಧ್ಯಕ್ಷರೇ ಆದರೂ’ ಅನ್ನುವುದನ್ನು ಎರಡು ಸಲ ಓದಿಕೊಂಡರು. “ನಾನೇ ಬರೆಸಿದ್ದು” ಅಂದರು ಮೆಲ್ಲಗೆ. ಎದ್ದು ಹೋದರು. ಚಹಾ ಹಾಗೇ ಉಳಿಯಿತು. ಅವರು ಕುಡಿಯದೆ ಬಿಟ್ಟ ಚಹಾ ಅದೇ ಮೊದಲು ನೋಡಿದ್ದು ನಾನು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಯೆಲ್ಲ ಹಬ್ಬಿತು. ಕತ್ತರಿಯಣ್ಣ ಮೆಟ್ಟಿಲು ಎರಡೆರಡಾಗಿ ಹತ್ತಿ ಬಂದ. “ತಾನು ತೋಡಿದ ಗುಂಡೀಲಿ ತಾನೇ! ಟೈಪಕ್ಕ, ನಾಳೆ ಸಂಜೆ ಐದು ಗಂಟೆವರೆಗೆ ನೀವು ಏನೂ ಮಾಡಬೇಡಿ. ಸುಮ್ಮನೆ ಕೂತಿರಿ. ಸುಮ್ಮನೆ ಕೂತ್ರೆ ಗೆದ್ರಿ.”

ಸುಮ್ಮನೆ ಕೂತರೆ ಏನು ಬರುತ್ತದೆ ಅಂತ ತಂಗಿ ಮಗಳು ಹೇಳಿದ್ದಳಲ್ಲ. ಅದೇ ತಲೆಯಲ್ಲಿ ಕೊರೆಯತೊಡಗಿತು.

ಸಂಜೆ ಮನೆಯಲ್ಲಿ ಯಜಮಾನರು ಚಾವಣಿಯ ಕನಸು ಕಾಣುತ್ತಿದ್ದರು. “ಮೊದಲನೇ ಸಹಿ ನಮ್ಮ ಬಸ್ ನಿಲ್ದಾಣಕ್ಕೆ ಬೀಳಬೇಕು ನೋಡು. ಯಾಕೆ ಮುಖ ಹಾಗೆ ಮಾಡ್ಕೊಂಡಿದೀಯ?”

“ಗೆದ್ದ ಮೇಲೆ ವರದಿ ಟೈಪ್ ಮಾಡಬೇಕಲ್ಲ. ಅದೇ ಕಡತ ತೆಗೀಬೇಕು. ಅವಿರೋಧವಾಗಿ ಆಯ್ಕೆ. ಈ ಸಲ ಹೆಸರು ಬದಲಾಯಿಸಿದ್ರೆ ಆಯ್ತು.”

“ಅದಕ್ಕೇನೀಗ?”

“ಅಷ್ಟಕ್ಕೇನಾ ನಾನು ಹಾಕಿದ್ದು?”

ಅವರು ನನ್ನ ಮುಖವನ್ನೇ ನೋಡಿ, “ನಮ್ಮ ಪಕ್ಷದಲ್ಲಿ ಹೀಗೆಲ್ಲ ತಲೆ ಕೆಡಿಸಿಕೊಳ್ಳೋರು ಒಬ್ಬರೂ ಇಲ್ಲಪ್ಪ” ಅಂದರು.

“ಅದು ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ” ಅಂದು ಫೋನು ತೆಗೆದುಕೊಂಡೆ.

ಅಧ್ಯಕ್ಷರು ಮೂರನೇ ರಿಂಗಿಗೆ ಎತ್ತಿದರು. “ಸರ್, ನಿಯಮದ ಪ್ರಕಾರ ಮೂರು ಗಂಟೆ ಮುಂಚೆ ನೋಟಿಸ್ ಕೊಟ್ರೆ ತುರ್ತು ಸಭೆ ಕರೀಬಹುದು. ನಾಳೆ ಹನ್ನೆರಡರೊಳಗೆ ನೀವು ಸಹಿ ಹಾಕಿದ್ರೆ ಮೂರಕ್ಕೆ ಸಭೆ. ಸಮಿತಿ ಒಪ್ಪಿದ್ರೆ ಬಾಣ ಒತ್ತಬಹುದು. ಆದ್ರೆ ನಿರ್ಣಯ ನೀವೇ ಮಂಡಿಸಬೇಕು.”

“ವಿಷಯ ಏನಂತ ಬರೀತೀರಿ?”

“ನಿಯಮದ ಬದಲಾವಣೆ.”

“ಬೇರೆ ಪದ ಇಲ್ವಾ?”

“ಇಲ್ಲ ಸರ್.”

ಮರುದಿನ ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಬಂದರು. ನೋಟಿಸ್ ಓದಿದರು, ಸಹಿ ಹಾಕಿದರು. ನನ್ನ ಮೇಜಿನ ಮೇಲೆ ಓದಿದ ಕೂಡಲೇ ಅವರು ಸಹಿ ಹಾಕಿದ ಮೊದಲ ಕಾಗದ ಅದು.

ಮೂರು ಗಂಟೆಗೆ ಕುರ್ಚಿಗಳೆಲ್ಲ ತುಂಬಿದವು, ಒಂದು ಬಿಟ್ಟು. ಅಧ್ಯಕ್ಷರ ಕಡೆಯ ಒಬ್ಬರಿಗೆ ಜ್ವರ. ಅವತ್ತಿನ ಸಭೆಯನ್ನು ನೀವು ನೋಡಬೇಕಿತ್ತು. ಇಷ್ಟು ದಿನ ಹೊಸದು ಬೇಕು ಅಂತ ಗಂಟಲು ಹರಿದುಕೊಂಡವರೆಲ್ಲ ಎದ್ದು ನಿಂತು ಹಳೆಯದರ ಗುಣಗಾನ ಮಾಡಿದರು. ಹಳೆಯದೇ ಸಾಕು ಅಂದವರೆಲ್ಲ ಹೊಸದಿಲ್ಲದೆ ಬದುಕೇ ಇಲ್ಲ ಅಂದರು.

“ಹಿರಿಯರು ಮಾಡಿದ ನಿಯಮ, ಅದಕ್ಕೊಂದು ಬೆಲೆ ಬೇಡ್ವಾ?” ಅಂದ ಕತ್ತರಿಯಣ್ಣ.

“ಕಾಲ ಓಡ್ತಿದೆಯಪ್ಪ, ನಾವೂ ಓಡಬೇಕು” ಅಂದರು ಬೋಳುತಲೆಯವರು.

ಕೊನೆಗೆ ಅಧ್ಯಕ್ಷರು ಎದ್ದರು. ನೀರು ಕುಡಿದರು. “ಸದಸ್ಯರೇ, ಇವತ್ತು ಒಂದು ದಿನದ ಮಟ್ಟಿಗೆ... ಅಂದ್ರೆ ನಾನು ಏನು ಹೇಳ್ತೀನಿ ಅಂದ್ರೆ... ಸ್ವಲ್ಪ ಬದಲಾ...” ಕೆಮ್ಮು ಬಂತು. ಮತ್ತೆ ನೀರು. “ಬದಲಾವಣೆ ಬೇಕು ಅಂತ ಕೋರ್ತೀನಿ.” ಇಪ್ಪತ್ತೆರಡು ವರ್ಷ ಮೈಕಿನಲ್ಲಿ ಕೂಗಿದ ಪದ, ಹದಿನಾರು ಜನರ ಮುಂದೆ ಅವರ ಗಂಟಲಿನಿಂದ ಬರಲು ಅಷ್ಟು ಕಷ್ಟಪಟ್ಟಿತು.

ಕೈ ಎತ್ತಿಸಿದರು. ಪರ ಎಂಟು. ವಿರುದ್ಧ ಎಂಟು. ನಾನು ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದೆ. ನನ್ನ ಕೈ ಎರಡರಲ್ಲೂ ಎದ್ದಿರಲಿಲ್ಲ. ಸಮ ಬಂದರೆ ವಿಷಯ ಮುಂದಿನ ಸಭೆಗೆ. ಅಷ್ಟರಲ್ಲಿ ಐದು ಗಂಟೆ ದಾಟಿರುತ್ತದೆ. ಎಲ್ಲರೂ ನನ್ನ ಕಡೆ ತಿರುಗಿದರು. ಅಧ್ಯಕ್ಷರು ಮಾತ್ರ ಕ್ಯಾಲೆಂಡರ್ ನೋಡುತ್ತಿದ್ದರು.

ನಾನು ಪೆನ್ನು ಕೆಳಗಿಟ್ಟು ಕೈ ಎತ್ತಿದೆ. “ಪರ.”

“ಟೈಪಕ್ಕ!” ಕತ್ತರಿಯಣ್ಣ ಕುರ್ಚಿಯಿಂದ ಎದ್ದೇಬಿಟ್ಟ. “ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತೀರಲ್ಲ! ಮೀಸೆ ಅರ್ಧಕ್ಕೆ ಬಿಟ್ಟು ಬಂದು ಸೂಚಿಸಿದವನು ನಾನು!”

“ಅವಿರೋಧ ಅನ್ನೋ ಪದ ಹತ್ತೊಂಬತ್ತು ವರ್ಷದಿಂದ ನನ್ನ ಮುಂದಿದೆ ಕತ್ತರಿಯಣ್ಣ. ನನಗೆ ಆ ಪದ ಬೇಡ. ಜನ ಇಬ್ಬರನ್ನೂ ನೋಡಿ ಆರಿಸಲಿ. ಸೋತ್ರೆ ಸೋತೆ.”

ಹೇಳುವಾಗ ಧ್ವನಿ ಗಟ್ಟಿಯಾಗೇ ಬಂತು. ಪೆನ್ನು ಎತ್ತಿಕೊಂಡು ‘ಪರ ಒಂಬತ್ತು’ ಅಂತ ಬರೆದೆ.

ಗಡಿಯಾರದಲ್ಲಿ ನಾಲ್ಕು ಮೂವತ್ತೊಂದು. ಯಂತ್ರವನ್ನು ಮುಚ್ಚಿ ಮತ್ತೆ ಆನ್ ಮಾಡಿದೆ. ನಿರ್ಣಯ ಮಂಡಿಸಿದವರೇ ಬಾಣ ಒತ್ತಬೇಕು ಅಂತ ಕತ್ತರಿಯಣ್ಣ ಹಟ ಹಿಡಿದ. ಅಧ್ಯಕ್ಷರು ನನ್ನ ಕುರ್ಚಿಯಲ್ಲಿ ಕೂತರು. ಕಪ್ಪು ಪರದೆ ಬಂತು. ಹತ್ತು, ಒಂಬತ್ತು...

“ಇದರಲ್ಲಿ ಕೆಳಗಿನ ಬಾಣ ಯಾವುದು?”

“ಅಲ್ಲೇ ಸರ್, ಬಲಗಡೆ.”

“ಇಲ್ಲಿ ನಾಲ್ಕು ಬಾಣ ಇದೆ.”

“ಕೆಳಗೆ ಮುಖ ಮಾಡಿರೋದು!”

“ಒಂದು ನಿಮಿಷ, ಕನ್ನಡಕ...”

ಸೊನ್ನೆ. ಹಳೆಯದು ಬಂತು, ತನ್ನ ಹಳೆಯ ಸಂಗೀತದೊಂದಿಗೆ. ಹದಿನಾರು ಜನ ಒಟ್ಟಿಗೆ “ಅಯ್ಯೋ” ಅಂದರು. ಅದರಲ್ಲಿ ವಿರುದ್ಧ ಕೈ ಎತ್ತಿದವರೂ ಇದ್ದರು. ಯಂತ್ರ ಪೂರ್ತಿ ಏಳಬೇಕು, ಮತ್ತೆ ಮಲಗಬೇಕು, ಮತ್ತೆ ಏಳಬೇಕು. ನಾಲ್ಕು ನಲವತ್ತಾರು. ಈ ಸಲ ಇಡೀ ಸಮಿತಿ ಅವರ ಹಿಂದೆ ಗುಂಪುಗೂಡಿತು. ಹತ್ತು. ಒಂಬತ್ತು. ಎಂಟು. ಅವರ ಬೆರಳು ಬಾಣದ ಮೇಲೇ ಇತ್ತು, ಕೆಳಗಿಳಿಯುತ್ತಿರಲಿಲ್ಲ. ಆರು. ಐದು.

“ಒತ್ರೀ ಮಾರಾಯ್ರೇ!” ಅಂದ ಕತ್ತರಿಯಣ್ಣ. ಅವನಿಗೇ ತಡೆಯಲಾಗಲಿಲ್ಲ ಪಾಪ.

ಮೂರಕ್ಕೆ ಒತ್ತಿದರು.

ನಾಲ್ಕು ಐವತ್ತಾರಕ್ಕೆ ಹಸಿರು ಅಕ್ಷರ ಬಂತು. ಅಧ್ಯಕ್ಷರ ಇಸ್ತ್ರಿ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು.

ಹತ್ತು ದಿನದ ಮೇಲೆ ಮತದಾನ. ನೂರ ಇಪ್ಪತ್ತೈದು ಸದಸ್ಯರು ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅಧ್ಯಕ್ಷರು ಮನೆಮನೆಗೆ ಹೋದರು. ಹೋದ ಕಡೆಯೆಲ್ಲ ತಮ್ಮ ಹಳೇ ಕಾಗದ ಏನಾಯಿತು ಅಂತ ಜನ ಕೇಳಿದರಂತೆ. ನಾನೂ ಹೋದೆ, ನನ್ನನ್ನೂ ಅದನ್ನೇ ಕೇಳಿದರು. ಎಣಿಸಿದಾಗ ನನಗೆ ಅರವತ್ಮೂರು, ಅವರಿಗೆ ಅರವತ್ತು. ಎರಡು ಕುಲಗೆಟ್ಟ ಚೀಟಿ. ಒಂದರಲ್ಲಿ ಏನೂ ಬರೆದಿರಲಿಲ್ಲ, ಇನ್ನೊಂದರಲ್ಲಿ ‘ಆಮೇಲೆ ಹೇಳ್ತೀನಿ’ ಅಂತ ಇತ್ತು.

ವರದಿಗೆ ಹೊಸ ಕಡತ ತೆರೆದು ಮೊದಲ ಅಕ್ಷರದಿಂದ ಟೈಪ್ ಮಾಡಿದೆ. ಅಧ್ಯಕ್ಷೆಯಾದರೂ ಟೈಪ್ ಮಾಡುವವರು ಬೇರೆ ಯಾರೂ ಇರಲಿಲ್ಲವಲ್ಲ. ನೀಲಿ ಕಡತದ ಕಾಗದಗಳಿಗೆ ಒಂದೊಂದನ್ನೂ ಓದಿ ಸಹಿ ಹಾಕಿದೆ. ಮೊದಲನೆಯದು ಚಾವಣಿಯದು. ಮೂರು ಕಾಗದಗಳನ್ನು ಮಾತ್ರ ಪಕ್ಕಕ್ಕಿಟ್ಟೆ. ಅವನ್ನು ಬರೆಸಿದವರು ಈಗ ಇರಲಿಲ್ಲ.

ಇನ್ನು ನಮ್ಮ ಮಾಜಿ ಅಧ್ಯಕ್ಷರು ಮನೆಯಲ್ಲಿ ಕೂರುತ್ತಾರೆ ಅಂದುಕೊಂಡಿದ್ದೆ. ಮೂರನೇ ದಿನ ಹತ್ತು ಗಂಟೆಗೆ ಸರಿಯಾಗಿ ಹಾಜರು. ಕತ್ತರಿಯಣ್ಣ ಅಂಗಡಿಯಿಂದ ತೆಗೆದುಹಾಕಿದ್ದ, ಗಿರಗಿರ ತಿರುಗುವ ಹಳೇ ಕುರ್ಚಿಯೊಂದು ಮೂಲೆಯಲ್ಲಿತ್ತು. ಅದರಲ್ಲಿ ಕೂತು ನನ್ನ ಕಡೆ ತಿರುಗಿದರು.

“ಆ ಬಸ್ ನಿಲ್ದಾಣದ ಕಾಗದ ಏನಾಯ್ತು?”

“ಕಳಿಸಿದೀನಿ ಸರ್, ಮೊನ್ನೆ.”

“ಕಳಿಸಿದ್ರೆ ಆಯ್ತಾ? ಉತ್ತರ ಬಂತಾ?”

“ನಿಮ್ಮ ಹತ್ರ ಏಳು ವರ್ಷ ಇತ್ತಲ್ಲ ಸರ್ ಅದು?”

“ಅದು ನನ್ನ ಕಾಲದ ಮಾತು. ಈಗ ಉತ್ತರ ಕೊಡಬೇಕಾದವರು ನೀವು.”

ಅವತ್ತಿನಿಂದ ದಿನಾ ಬರುತ್ತಾರೆ. ಬೆಸ ದಿನವೂ, ಸಮ ದಿನವೂ. ಅಧ್ಯಕ್ಷರಾಗಿ ಇಪ್ಪತ್ತೆರಡು ವರ್ಷ ಕೇಳದ ಪ್ರಶ್ನೆಗಳನ್ನೆಲ್ಲ ಹುಡುಕಿ ಹುಡುಕಿ ಕೇಳುತ್ತಾರೆ. ದಣಿವೇ ಇಲ್ಲ. ಇಂಥ ಪ್ರತಿಭೆ ಇಷ್ಟು ದಿನ ತಪ್ಪು ಕುರ್ಚಿಯಲ್ಲಿ ಕೂತಿತ್ತಲ್ಲ ಅಂತ ನನಗೆ ನಿಜವಾಗಿಯೂ ಅನಿಸುತ್ತದೆ.

ಹೋದ ವಾರ ಹೀಗಾಯಿತು. ಹಿಡಿಗಂಬಿಯ ವಿಷಯಕ್ಕೆ ಆಸ್ಪತ್ರೆಗೆ ಇನ್ನೊಂದು ಕಾಗದ ಟೈಪ್ ಮಾಡುತ್ತಿದ್ದೆ, ಹೊಸದರಲ್ಲಿ. ಮುಖ್ಯವಾದ ಸಾಲಿನ ನಡುವೆ ಪರದೆಯ ಮೇಲೆ ಪೆಟ್ಟಿಗೆಯೊಂದು ಮೂಡಿತು: ‘ಹೊಸ ಬದಲಾವಣೆಗಳು ಸಿದ್ಧವಾಗಿವೆ. ಈಗಲೇ? ಆಮೇಲೆ?’ ನನ್ನ ಬೆರಳು ತಾನಾಗಿ ಹೊರಟಿತು. ಎಷ್ಟೋ ವರ್ಷದ ಅಭ್ಯಾಸ ನೋಡಿ, ದಾರಿ ಹೇಳಿಕೊಡಬೇಕಾಗಿಯೇ ಇಲ್ಲ.

ಹಿಂದೆ ಕುರ್ಚಿ ಕಿರ್ರೆಂದಿತು. “ಯಾವುದು ಒತ್ತೋಕೆ ಹೊರಟ್ರಿ?”

“ಅಲ್ಲ ಸರ್, ಈಗ ಕೆಲಸ ನಿಂತುಹೋಗುತ್ತೆ...” ಅಂದೆ. ಅಂದ ಮೇಲೆ ನನ್ನ ಕಿವಿಗೇ ಬಿತ್ತು.

ಮಾಜಿ ಅಧ್ಯಕ್ಷರು ಎರಡೂ ಕೈ ಕಟ್ಟಿಕೊಂಡು ಕೂತರು, ಅಷ್ಟೇ. ನಾನು ‘ಈಗಲೇ’ ಒತ್ತಿದೆ. ಪರದೆ ನೀಲಿಯಾಯಿತು, ಸಣ್ಣ ವೃತ್ತವೊಂದು ಸುತ್ತತೊಡಗಿತು. ಮಾಡಲು ಏನೂ ಇಲ್ಲ. ಚಹಾ ಬಗ್ಗಿಸಿ ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಶೇಕಡಾ ಹನ್ನೆರಡು. ಇಪ್ಪತ್ತು. ಮೂವತ್ತೇಳು.

“ಹತ್ತು ನಿಮಿಷದಿಂದ ಮೂವತ್ತೇಳರಲ್ಲೇ ಇದೆ” ಅಂದರು ಅವರು.

“ಆಗುತ್ತೆ ಸರ್, ಸ್ವಲ್ಪ ತಾಳಿ.”

“ತಾಳಿ ತಾಳಿ ಅಂದ್ರೆ ಜನ ಎಷ್ಟು ಅಂತ ತಾಳೋದು?” ಅಂದರು, ಗಡಿಯಾರ ನೋಡುತ್ತ, ಬಿಸಿ ಚಹಾ ಊದುತ್ತ.